ಸೊಂಟದ ಪಿಸ್ತೂಲಿನ ಸೇಫ್ಟಿ: ಹೆಬ್ಬೆರಳಿಗೆ ಕಲಿಸಬೇಕಾದ ಪಾಠ

2024ರ ಅಕ್ಟೋಬರ್ 1ರ ನಸುಕಿನಲ್ಲಿ ಮುಂಬಯಿಯ ತಮ್ಮ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸನ್ಸಿನ ರಿವಾಲ್ವರಿನಿಂದ ಗುಂಡು ತಗುಲಿತು. ಎತ್ತಿಡುವಾಗ ಕೈಜಾರಿ ಬಿದ್ದು ಹಾರಿತು ಎಂಬುದು ಅವರ ಕಡೆಯವರು ಕೊಟ್ಟ ವಿವರಣೆ. ಆಗ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡಿರುವ ಪರಿಚಯದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮದಕ್ಕೆ ಸೇಫ್ಟಿ ಇದೆಯಲ್ಲ, ಹಾಗಾಗಲ್ಲ ಅಲ್ವಾ?"

ಆಗಬಹುದು. ಸೇಫ್ಟಿ, ಅಂದರೆ ಟ್ರಿಗರ್ ಕೆಲಸ ಮಾಡದಂತೆ ಹೆಬ್ಬೆರಳಿನಿಂದ ಹಾಕುವ ಲಿವರ್, ಹಾಕಿದ ಪಿಸ್ತೂಲೂ ಬಿದ್ದರೆ ಹಾರಬಹುದು. ಸೇಫ್ಟಿ ಹಾಕಿದ್ದೇ ಮರೆತು ಬೇಕಾದ ಹೊತ್ತಿಗೆ ಹಾರದೆಯೂ ಹೋಗಬಹುದು. ಯಾವ ಪಿಸ್ತೂಲಿನಲ್ಲಿ ಯಾವುದು ಆಗುತ್ತದೆ, ತಡೆಯಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಇದು ಲೈಸನ್ಸ್ ಇದ್ದವರಿಗೆ, ಇಲ್ಲವೇ ಪಡೆಯುವ ದಾರಿಯಲ್ಲಿ ಇರುವವರಿಗೆ ಬರೆದದ್ದು. ಓದಿಕೊಂಡು ಮನೆಯಲ್ಲೇ ಕಲಿತುಬಿಡುತ್ತೇನೆ ಎನ್ನುವ ವಿಷಯವೂ ಇದಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿರುವುದು ಬರೀ ಪ್ರಮಾಣಪತ್ರಕ್ಕಾಗಿ ಅಲ್ಲ. ರೈಫಲ್ ಅಸೋಸಿಯೇಷನ್ನಿನಲ್ಲೋ ತರಬೇತಿ ಕೊಡುವ ರೇಂಜಿನಲ್ಲೋ ಬಲ್ಲವರ ಪಕ್ಕ ನಿಂತು ಕಲಿಯಿರಿ.

1. ಮೊದಲು ನಿಮ್ಮ ಪಿಸ್ತೂಲು ಯಾವ ಜಾತಿಯದು ತಿಳಿದುಕೊಳ್ಳಿ

ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸನ್ಸ್ ಸಿಗದ ನಳಿಗೆ ಅಳತೆ. ಹಾಗಾಗಿ ಸಾಮಾನ್ಯ ಲೈಸನ್ಸುದಾರರ ಸೊಂಟದಲ್ಲಿ ಹೆಚ್ಚಾಗಿ ಕಾಣುವುದು .32 ಬೋರ್. ಅದೂ ಬಹುಮಟ್ಟಿಗೆ ಎರಡು ಬಗೆ. ಒಂದು, ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲು ಅಥವಾ ರಿವಾಲ್ವರ್. ಇನ್ನೊಂದು, ತಾತನ ಕಾಲದಲ್ಲಿ ಬಂದು, ಲೈಸನ್ಸಿನಿಂದ ಲೈಸನ್ಸಿಗೆ ವರ್ಗವಾಗುತ್ತಾ ಇರುವ ವಿದೇಶಿ ಮಾಲು: ಕೋಲ್ಟ್ 1903, ಎಫ್‌ಎನ್ ಬ್ರೌನಿಂಗ್ 1910 ಅಥವಾ 1922, ವಾಲ್ಥರ್ ಪಿಪಿ, ವೆಬ್ಲಿ. ಮಲೆನಾಡಿನ ತೋಟದ ಮನೆಗಳ ಬೀರು ತೆರೆದರೆ ಇವುಗಳಲ್ಲಿ ಒಂದಾದರೂ ಸಿಗುವುದು ಅಪರೂಪವೇನಲ್ಲ. ಹೊಸ ವಿದೇಶಿ ಪಿಸ್ತೂಲು ತರಿಸುವ ದಾರಿ ಸಾಮಾನ್ಯರಿಗೆ ಮುಚ್ಚಿ ದಶಕಗಳೇ ಆದ ಕಾರಣ, ಎಂಬತ್ತು ತೊಂಬತ್ತು ವರ್ಷದ ಯಂತ್ರಗಳನ್ನು ಇವತ್ತಿಗೂ ನಂಬಿಕೊಂಡು ಓಡಾಡುವವರಿದ್ದಾರೆ. ವಯಸ್ಸಿನ ಈ ಮಾತು ಮುಂದೆ ಮತ್ತೆ ಬರುತ್ತದೆ.

ಸೇಫ್ಟಿಯ ಲೆಕ್ಕದಲ್ಲಿ ಇವು ಮೂರು ಗುಂಪು.

ಸಿಂಗಲ್ ಆಕ್ಷನ್: ಟ್ರಿಗರ್ ಎಳೆದರೆ ಹ್ಯಾಮರ್ (ಗುಂಡು ಹಾರಿಸುವ ಸುತ್ತಿಗೆ) ಬೀಳುತ್ತದೆ, ಅಷ್ಟೇ, ಹ್ಯಾಮರ್ ಏರುವುದು ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದಾಗ. ಟ್ರಿಗರ್ ಹಗುರ, ಎಳೆತ ಚಿಕ್ಕದು. ಪ್ರಸಿದ್ಧವಾದ ಕೋಲ್ಟ್ 1911ರಲ್ಲಿ ಎರಡೂವರೆ ಕೆಜಿ ಆಸುಪಾಸಿನ ಒತ್ತಡ ಸಾಕು. ಚೇಂಬರಿನಲ್ಲಿ (ನಳಿಗೆಯ ಬುಡದ ಗೂಡಿನಲ್ಲಿ) ತೋಟಾ ಇದ್ದು ಹ್ಯಾಮರ್ ಏರಿದ್ದರೆ ಇವಕ್ಕೆ ಸೇಫ್ಟಿ ಹಾಕಲೇಬೇಕು, ಚರ್ಚೆಯೇ ಇಲ್ಲ. ಕೋಲ್ಟ್ 1903 ಇದೇ ಗುಂಪು. ಹ್ಯಾಮರ್ ಸ್ಲೈಡಿನ ಒಳಗೇ ಅಡಗಿರುವುದರಿಂದ ಏರಿದೆಯೋ ಇಳಿದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ಎಫ್‌ಎನ್ 1910ರಲ್ಲಿ ಹ್ಯಾಮರೇ ಇಲ್ಲ, ಒಳಗೆ ಸ್ಪ್ರಿಂಗಿನಿಂದ ಮುಂದೆ ಹಾರಿ ತೋಟಾಕ್ಕೆ ಬಡಿಯುವ ಸ್ಟ್ರೈಕರ್.

ಡಬಲ್ ಆಕ್ಷನ್: ವಾಲ್ಥರ್ ಪಿಪಿಯಂಥವು. ಹ್ಯಾಮರ್ ಇಳಿದಿದ್ದರೂ ಟ್ರಿಗರ್ ಎಳೆದು ಮೊದಲ ಗುಂಡು ಹಾರಿಸಬಹುದು. ಆ ಮೊದಲ ಎಳೆತ ಉದ್ದ, ಭಾರ. ನಾಲ್ಕೂವರೆ ಐದು ಕೆಜಿ ಮೇಲೆಯೇ. ಎರಡನೆಯದರಿಂದ ಹಗುರ. ರಿವಾಲ್ವರುಗಳೂ ಇದೇ ತತ್ವದವು, ಆದರೆ ಅವುಗಳ ಎಳೆತ ಪ್ರತಿ ಸಲವೂ ಭಾರ. ಹೆಚ್ಚಿನ ರಿವಾಲ್ವರುಗಳಿಗೆ ಸೇಫ್ಟಿ ಲಿವರ್ ಇಲ್ಲದಿರುವುದು ಈ ಭಾರವನ್ನೇ ನಂಬಿ.

ಮೂರನೆಯದು ಗ್ಲಾಕ್ ಮಾದರಿ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಈ ಪಿಸ್ತೂಲಿಗೆ ಹೆಬ್ಬೆರಳಿನ ಲಿವರೇ ಇಲ್ಲ. ಟ್ರಿಗರಿನ ನಡುವೆ ಒಂದು ಸಣ್ಣ ನಾಲಗೆ ಇದೆ, ಬೆರಳು ಅದನ್ನು ಒತ್ತದೆ ಟ್ರಿಗರ್ ಹಿಂದೆ ಬರುವುದಿಲ್ಲ. ನಮ್ಮ ಸಾಮಾನ್ಯ ಲೈಸನ್ಸಿಗೆ ಇದು ದಕ್ಕುವ ವಸ್ತು ಅಲ್ಲವಾದರೂ, ಅಮೆರಿಕದಲ್ಲಿರುವ ನಮ್ಮವರು ಮೊದಲು ಕೇಳುವುದೇ ಇದರ ಬಗ್ಗೆ.

2. ಲಿವರ್ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ

ಕೋಲ್ಟ್ 1911ಕ್ಕೆ ಹೆಬ್ಬೆರಳಿನ ಸೇಫ್ಟಿ ಬಂದ ಕಥೆ ಕೇಳಿದರೆ ಅದರ ಕೆಲಸ ಅರ್ಥವಾಗುತ್ತದೆ. ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಅಮೆರಿಕದ ಸೇನೆಗೆ ತಯಾರಿಸಿದ ಈ ಪಿಸ್ತೂಲಿನಲ್ಲಿ ಮೊದಲಿಗೆ ಹಿಡಿಯ ಹಿಂದಿನ ಗ್ರಿಪ್ ಸೇಫ್ಟಿ ಮಾತ್ರ ಇತ್ತು. ಕುದುರೆಯ ಮೇಲಿರುವ ಸೈನಿಕ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದಿದ್ದಾನೆ, ಇನ್ನೊಂದರಲ್ಲಿ ಲಗಾಮು. ಕುದುರೆ ಬೆದರಿತು, ಈಗ ಪಿಸ್ತೂಲನ್ನು ಒಳಗಿಟ್ಟು ಎರಡೂ ಕೈಯಲ್ಲಿ ಲಗಾಮು ಹಿಡಿಯಬೇಕು, ಹ್ಯಾಮರ್ ಮಾತ್ರ ಏರಿಯೇ ಇದೆ. ಇಂಥ ಹೊತ್ತಿಗಾಗಿ ಅಶ್ವದಳದವರು ಲಿವರ್ ಬೇಕೆಂದರು. 1911ರ ಮಾರ್ಚಿನಲ್ಲಿ ಸೇನೆ ಒಪ್ಪಿಕೊಂಡ ಮಾದರಿಯಲ್ಲಿ ಅದು ಸೇರಿತ್ತು. ಅಂದರೆ ಈ ಲಿವರನ್ನು ಮುಖ್ಯವಾಗಿ ಕೇಳಿ ಪಡೆದದ್ದು ಪಿಸ್ತೂಲು ವಾಪಸ್ ಒಳಗಿಡುವ ಕ್ಷಣಕ್ಕೆ. ಇವತ್ತಿಗೂ ಅವಘಡಗಳು ಕಾದು ಕುಳಿತಿರುವ ಕ್ಷಣ ಅದೇ. ಅಂಗಿಯ ಚುಂಗೋ ಜಾಕೆಟ್ಟಿನ ದಾರವೋ ಟ್ರಿಗರಿಗೆ ಸಿಕ್ಕಿಕೊಳ್ಳುವುದು ಹೋಲ್ಸ್ಟರಿಗೆ (ಪಿಸ್ತೂಲು ಇಡುವ ಒರೆಗೆ) ತುರುಕುವಾಗ.

ಈಗ ತಡೆಯದಿರುವುದು. 1911ರ ಲಿವರ್ ಹ್ಯಾಮರನ್ನು ಹಿಡಿದಿಡುವ ಸಿಯರನ್ನು ಬಂಧಿಸುತ್ತದೆ. ಫೈರಿಂಗ್ ಪಿನ್ನನ್ನು ಅದು ಮುಟ್ಟುವುದೂ ಇಲ್ಲ. ಪಿಸ್ತೂಲು ಎತ್ತರದಿಂದ ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಪಿನ್ ತನ್ನ ವೇಗದಲ್ಲೇ ಮುಂದೆ ಹಾರಿ ತೋಟಾದ ಹಿಂಬದಿಯಲ್ಲಿ ಮದ್ದು ಹೊತ್ತಿಸುವ ಕ್ಯಾಪಿಗೆ ಬಡಿಯಬಹುದು. ಇದನ್ನು ತಡೆಯಲೆಂದೇ ಕೋಲ್ಟ್ ಕಂಪನಿ 1983ರಲ್ಲಿ ಪಿನ್ನಿಗೇ ಬೇರೆ ಅಡ್ಡಗಟ್ಟು ಇರುವ ಮಾದರಿ ತಂದಿತು. ಕೋಲ್ಟ್ 1903ರಂಥ ಹಳೆಯ ಪಾಕೆಟ್ ಪಿಸ್ತೂಲುಗಳಲ್ಲಿ ಆ ಅಡ್ಡಗಟ್ಟು ಇಲ್ಲ. ಆದ್ದರಿಂದ ಇಂಥವುಗಳಲ್ಲಿ "ಸೇಫ್ಟಿ ಹಾಕಿದ್ದೇನೆ" ಎಂದರೆ ಟ್ರಿಗರ್ ಕೆಲಸ ಮಾಡುವುದಿಲ್ಲ ಎಂದಷ್ಟೇ ಅರ್ಥ, ಬಿದ್ದರೂ ಹಾರುವುದಿಲ್ಲ ಎಂದಲ್ಲ.

3. ಲಿವರ್ ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ

ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ, ಮೇಜಿನ ಇನ್ನೊಂದು ತುದಿಯಲ್ಲಿಟ್ಟರೆ ಸಾಲದು. ಮ್ಯಾಗಜಿನ್ (ಹಿಡಿಯೊಳಗಿನ ತೋಟಾ ಪೆಟ್ಟಿಗೆ) ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಈ ಅನುಕ್ರಮ ತಪ್ಪಿದರೆ ಮ್ಯಾಗಜಿನ್ನಿನಿಂದ ಹೊಸ ತೋಟಾ ಚೇಂಬರಿಗೆ ಏರುತ್ತದೆ. ಅನಾಹುತಗಳಲ್ಲಿ ಒಂದು ದೊಡ್ಡ ಪಾಲು ಈ ತಪ್ಪಿನದೇ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ. ಗುಂಡು ಹಾಯದ ಗೋಡೆಯ ಕಡೆಗೆ ಮೂತಿ ಇರಲಿ.

ಮುಂದಿನ ಪರೀಕ್ಷೆ 1911ರಂಥ ಕೋಲ್ಟ್ ಮಾದರಿಗೆ; ವಾಲ್ಥರ್ ಮಾದರಿಯಲ್ಲಿ ಸೇಫ್ಟಿ ಹಾಕಿದೊಡನೆ ಹ್ಯಾಮರ್ ಇಳಿಯುವುದೇ ಸರಿ. ಹ್ಯಾಮರ್ ಏರಿಸಿ, ಸೇಫ್ಟಿ ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಎಳೆಯಿರಿ. ಹ್ಯಾಮರ್ ಬೀಳಬಾರದು. ಬೆರಳನ್ನು ಟ್ರಿಗರಿನಿಂದ ಪೂರ್ತಿ ತೆಗೆದು ಸೇಫ್ಟಿ ಇಳಿಸಿ. ಈಗಲೂ ಬೀಳಬಾರದು. ಇಳಿಸಿದೊಡನೆ ಬಿತ್ತೆಂದರೆ ಒಳಗಿನ ಭಾಗ ಸವೆದಿದೆ, ಎಳೆದಾಗಲೇ ಸಿಯರ್ ಅರ್ಧ ಜಾರಿಬಿಟ್ಟಿತ್ತು ಎಂದರ್ಥ. ಅಂಥ ಪಿಸ್ತೂಲನ್ನು ಅಲ್ಲಿಗೇ ನಿಲ್ಲಿಸಿ, ಲೈಸನ್ಸ್ ಇರುವ ರಿಪೇರಿಯವರಿಗೆ ಒಯ್ಯಿರಿ. ನೀವೇ ಅರ ಹಿಡಿದು ಕೂರಬೇಡಿ. ಎರಡೂ ಸಲ ಬೀಳದಿದ್ದರೆ ಟ್ರಿಗರ್ ಎಳೆದು ನೋಡಿ, ಈಗ ಬೀಳಬೇಕು. ಗ್ರಿಪ್ ಸೇಫ್ಟಿ ಇದ್ದರೆ ಹಿಡಿಯ ಹಿಂಭಾಗ ಒತ್ತದಂತೆ ಹಿಡಿದು ಟ್ರಿಗರ್ ಎಳೆಯಿರಿ, ಏನೂ ಆಗಬಾರದು.

ಲಿವರಿನ ಸದ್ದನ್ನೂ ಕೇಳಿಸಿಕೊಳ್ಳಿ. ಹೋಗುವಾಗ ಬರುವಾಗ "ಟಕ್" ಎಂದು ಗಟ್ಟಿಯಾಗಿ ಕೂರಬೇಕು. ಬೆಣ್ಣೆಯಂತೆ ಜಾರುವ ಲಿವರ್ ಹೋಲ್ಸ್ಟರಿನಲ್ಲಿ ತಾನಾಗಿಯೇ ಇಳಿಯುತ್ತದೆ.

4. ದಿಕ್ಕು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಫ್ರೇಮಿನ (ಸ್ಲೈಡಿನ ಕೆಳಗಿನ ಜಾರದ ಭಾಗದ) ಮೇಲೆ ಲಿವರ್ ಇರುವ ಬ್ರೌನಿಂಗ್ ಸಂತತಿಯಲ್ಲಿ, ಅಂದರೆ 1911, ಕೋಲ್ಟ್ 1903, ಎಫ್‌ಎನ್ 1910, ಇವೆಲ್ಲದರಲ್ಲಿ ಮೇಲಕ್ಕೆ ತಳ್ಳಿದರೆ ಬಂದ್, ಕೆಳಕ್ಕೆ ಒತ್ತಿದರೆ ಫೈರ್. ಸ್ಲೈಡಿನ ಮೇಲೆ ಲಿವರ್ ಇರುವ ವಾಲ್ಥರ್ ಪಿಪಿ, ಬೆರೆಟಾ 92ಎಫ್‌ಎಸ್ ತದ್ವಿರುದ್ಧ: ಕೆಳಗೆ ಬಂದ್, ಮೇಲಕ್ಕೆ ಎತ್ತಿದರೆ ಫೈರ್. ಮೇಲಾಗಿ ಇವುಗಳ ಲಿವರನ್ನು ಕೆಳಗೆ ಒತ್ತಿದರೆ ಏರಿದ್ದ ಹ್ಯಾಮರೂ ಇಳಿದುಬಿಡುತ್ತದೆ.

ಸಕಲೇಶಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು ವರ್ಷಗಟ್ಟಲೆ ಕೋಲ್ಟ್ 1903 ಇಟ್ಟುಕೊಂಡಿದ್ದವರು, ಅದನ್ನು ಮಾರಿ ಆಸೆಪಟ್ಟು ವಾಲ್ಥರ್ ತೆಗೆದುಕೊಂಡರು. ರೇಂಜಿನಲ್ಲಿ ಅವರ ಎಡಗಡೆ ನಿಂತಿದ್ದೆ. ಗುರಿ ಹಲಗೆ ತಿರುಗಿತು, ಪಿಸ್ತೂಲು ಸೊಗಸಾಗಿ ಮೇಲೆ ಬಂತು, ಹೆಬ್ಬೆರಳು ಹಳೆಯ ಅಭ್ಯಾಸದಂತೆ ಲಿವರನ್ನು ಕೆಳಕ್ಕೆ ಒರೆಸಿತು. ಹ್ಯಾಮರ್ ಠಕ್ಕೆಂದು ಕೂತಿತು. ಅವರು ಟ್ರಿಗರ್ ಎಳೆದರು, ಮತ್ತೆ ಎಳೆದರು. ಏನೂ ಇಲ್ಲ.

"ಕೆಟ್ಟೋಗಿದೆ ಕಣಯ್ಯಾ ಇದು. ಇಷ್ಟು ದುಡ್ಡು ಕೊಟ್ಟು..."

"ಕೆಟ್ಟಿಲ್ಲ ಸಾರ್. ಹೆಬ್ಬೆರಳು ಮೇಲಕ್ಕೆ."

ಅವರು ಲಿವರ್ ಎತ್ತಿದರು, ಕೆಂಪು ಚುಕ್ಕೆ ಕಂಡಿತು, ಗುಂಡು ಹಾರಿತು. ಹಲಗೆ ವಾಪಸ್ ತಿರುಗಿ ಎಷ್ಟೋ ಹೊತ್ತಾಗಿತ್ತು.

ಹಾಗಾಗಿ ನನ್ನ ಸಲಹೆ: ಇಬ್ಬಗೆಯ ಪಿಸ್ತೂಲುಗಳನ್ನು ಒಬ್ಬರೇ ಬದಲಾಯಿಸಿ ಬದಲಾಯಿಸಿ ಒಯ್ಯಬೇಡಿ. 2019ರ ತಿದ್ದುಪಡಿಯ ನಂತರ ಲೈಸನ್ಸಿನಲ್ಲಿ ಎರಡೇ ಆಯುಧಕ್ಕೆ ಅವಕಾಶ; ಅವೆರಡೂ ಕೈಬಂದೂಕುಗಳಾಗಿದ್ದರೆ ಲಿವರಿನ ದಿಕ್ಕು ಒಂದೇ ಆಗಿರಲಿ. ಎಡಗೈಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಹಳೆಯ ಪಿಸ್ತೂಲುಗಳ ಲಿವರ್ ಎಡಮಗ್ಗುಲಲ್ಲಿ ಮಾತ್ರ, ಅಂದರೆ ಬಲಗೈಯ ಹೆಬ್ಬೆರಳಿಗೆ ಹೇಳಿ ಮಾಡಿಸಿದ್ದು. ಎಡಗೈಯಲ್ಲಿ ಹಿಡಿದವರಿಗೆ ಹಿಡಿತ ಸಡಿಲಿಸದೆ ಅದು ಸಿಗುವುದಿಲ್ಲ. ಅಂಥವರಿಗೆ ರಿವಾಲ್ವರೇ ವಾಸಿ.

5. ಯಾವ ಸ್ಥಿತಿಯಲ್ಲಿ ಒಯ್ಯಬೇಕು

ಅಮೆರಿಕದ ಪಿಸ್ತೂಲು ಗುರು ಜೆಫ್ ಕೂಪರ್ ಇದಕ್ಕೆ ಅಂಕಿಗಳನ್ನು ಕೊಟ್ಟರು. ಚೇಂಬರಿನಲ್ಲಿ ತೋಟಾ, ಹ್ಯಾಮರ್ ಏರಿದೆ, ಸೇಫ್ಟಿ ಹಾಕಿದೆ: ಕಂಡಿಷನ್ 1. ತೋಟಾ ಇದೆ, ಹ್ಯಾಮರ್ ಇಳಿದಿದೆ: 2. ಮ್ಯಾಗಜಿನ್ ತುಂಬಿದೆ, ಚೇಂಬರ್ ಖಾಲಿ: 3. ಕೂಪರ್ ಸ್ವತಃ 1911ಕ್ಕೆ ಕಂಡಿಷನ್ 1 ಎಂದವರು. ಅಲ್ಲಿ ವಾರವಾರ ರೇಂಜಿಗೆ ಹೋಗಿ ಡಬ್ಬಿಗಟ್ಟಲೆ ತೋಟಾ ಸುಡುವವರಿಗೆ ಅದು ಸರಿ.

ನಮ್ಮಲ್ಲಿ? ತೋಟಾ ದುಬಾರಿ, ಕೋಟಾಗೆ ಮಿತಿ, ರೇಂಜು ದೂರ. ಎಷ್ಟೋ ಲೈಸನ್ಸುದಾರರು ವರ್ಷದಲ್ಲಿ ಒಂದು ಸಲವೂ ಈಡು ಹಾರಿಸುವುದಿಲ್ಲ. ಅಭ್ಯಾಸವಿಲ್ಲದವರು ಹಳೆಯ ಸಿಂಗಲ್ ಆಕ್ಷನ್ ಪಿಸ್ತೂಲನ್ನು ಚೇಂಬರಿನಲ್ಲಿ ತೋಟಾ ಇಟ್ಟು, ಸೇಫ್ಟಿ ಹಾಕಿ ಒಯ್ದರೆ ಎರಡೂ ಕಡೆಯಿಂದ ನಷ್ಟ: ಬಿದ್ದರೆ ಹಾರುವ ಭಯ ಉಳಿಯುತ್ತದೆ, ಆಪತ್ತಿನಲ್ಲಿ ಲಿವರ್ ಮರೆತುಹೋಗುತ್ತದೆ. ಅಂಥವರು ಚೇಂಬರ್ ಖಾಲಿ ಇಟ್ಟು ಒಯ್ಯಲಿ ಎಂದೇ ನಾನು ಹೇಳುವುದು. ಸ್ಲೈಡ್ ಎಳೆಯಲು ಎರಡು ಕೈ ಬೇಕು, ಒಂದೆರಡು ಸೆಕೆಂಡು ಬೇಕು, ಮೈಮೇಲೆ ಬಿದ್ದವನನ್ನು ತಡೆಯುತ್ತಾ ಅದು ಆಗದೆಯೂ ಹೋಗಬಹುದು. ಈ ನಷ್ಟವನ್ನು ಅರಿತೇ ಹೇಳುತ್ತಿದ್ದೇನೆ. ಹೀಗೆ ಒಯ್ಯುವಾಗ ಸೇಫ್ಟಿ ಹಾಕಬೇಡಿ. ಕೋಲ್ಟ್ ಮಾದರಿಗಳಲ್ಲಿ ಲಿವರ್ ಮೇಲಿದ್ದರೆ ಸ್ಲೈಡ್ ಅಲ್ಲಾಡುವುದೇ ಇಲ್ಲ.

ಏರಿದ ಹ್ಯಾಮರನ್ನು ತುಂಬಿದ ಚೇಂಬರಿನ ಮೇಲೆ ಬೆರಳಿನಿಂದ ಹಿಡಿದು ಮೆಲ್ಲಗೆ ಇಳಿಸುವ ಪದ್ಧತಿಯನ್ನು ಮಾತ್ರ ಯಾರೂ ಮಾಡಬೇಡಿ. ಬೆವರಿದ ಹೆಬ್ಬೆರಳು ಜಾರಲು ಒಂದು ಸಲ ಸಾಕು.

ವಾಲ್ಥರ್ ಮಾದರಿಯವರು ಲಿವರಿನಿಂದಲೇ ಹ್ಯಾಮರ್ ಇಳಿಸಬಹುದು, ಯಂತ್ರ ಅದಕ್ಕಾಗಿಯೇ ಇದೆ. ಆಮೇಲೆ ಲಿವರನ್ನು ಮೇಲಕ್ಕೆತ್ತಿ ಒಯ್ಯುವುದೋ ಕೆಳಗೇ ಬಿಡುವುದೋ ಎಂಬುದರಲ್ಲಿ ಪರಿಣತರಲ್ಲೇ ಎರಡು ಮತ. ಮೊದಲ ಎಳೆತ ಭಾರವಿರುವುದರಿಂದ ಎತ್ತಿ ಒಯ್ಯಬಹುದು ಎಂಬ ಕಡೆಗೆ ನಾನು. ಆದರೆ ಜಗಳದಲ್ಲಿ ಎದುರಾಳಿ ಪಿಸ್ತೂಲು ಕಿತ್ತುಕೊಂಡರೆ ಹಾಕಿರುವ ಸೇಫ್ಟಿ ಅವನನ್ನು ಕೆಲವು ಕ್ಷಣ ತಬ್ಬಿಬ್ಬು ಮಾಡುತ್ತದೆ ಎಂಬ ವಾದಕ್ಕೂ ತೂಕವಿದೆ. ಜನಸಂದಣಿಯಲ್ಲಿ ನಿಲ್ಲುವ ಅಂಗರಕ್ಷಕರಿಗೆ ಅದು ಹೆಚ್ಚು ಅನ್ವಯ. ಯಾವುದನ್ನೇ ಆರಿಸಿಕೊಳ್ಳಿ, ದಿನಕ್ಕೊಂದು ರೀತಿ ಬೇಡ.

ರಿವಾಲ್ವರಿನವರಿಗೆ ಎರಡೇ ಮಾತು. ಹ್ಯಾಮರ್ ಏರಿಸಿ ಒಯ್ಯಬೇಡಿ. ಬಿದ್ದರೆ ಹ್ಯಾಮರನ್ನು ಕ್ಯಾಪಿನಿಂದ ದೂರ ಇಡುವ ವ್ಯವಸ್ಥೆ ನಿಮ್ಮದರಲ್ಲಿ ಇದೆಯೇ ಎಂದು ಬಲ್ಲವರಿಂದ ಖಚಿತ ಮಾಡಿಕೊಳ್ಳಿ. ಖಚಿತವಾಗದಿದ್ದರೆ ಹ್ಯಾಮರಿನ ಕೆಳಗಿನ ಕೋಣೆ ಖಾಲಿ ಇರಲಿ. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಮಹಿಳೆಯರಿಗೆಂದು ತಂದ 'ನಿರ್ಭೀಕ್' ಅರ್ಧ ಕೆಜಿ ತೂಕದ್ದು. ಹ್ಯಾಂಡ್‌ಬ್ಯಾಗಿಗೆ ಹಗುರ ಎಂದು ಲಿಪ್‌ಸ್ಟಿಕ್, ಬೀಗದ ಕೈ, ಚಾರ್ಜರ್ ಜೊತೆ ಹಾಗೇ ಹಾಕಿಕೊಂಡು ಹೋದರೆ ಭಾರದ ಟ್ರಿಗರೂ ಕಾಯುವುದಿಲ್ಲ. ಅದಕ್ಕೆಂದೇ ಒಂದು ಖಾನೆ, ಟ್ರಿಗರ್ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇರಲೇಬೇಕು.

6. ಹೋಲ್ಸ್ಟರ್

ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಹೋಲ್ಸ್ಟರಿನೊಳಗೇ ಇರಬೇಕು, ಝಳಪಿಸುವಂತಿಲ್ಲ ಎಂಬುದು ನಿಯಮ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು. ಮೆತ್ತಗಾದ ಹಳೆಯ ಚರ್ಮದ ಚೀಲ ಬಿಸಾಡಿ. ಅದರ ಬಾಯಿ ಮಡಚಿಕೊಂಡು ಟ್ರಿಗರಿನೊಳಗೆ ನುಗ್ಗುತ್ತದೆ. ಹೋಲ್ಸ್ಟರ್ ಹಾಕಿಕೊಂಡು ಕಾರಿನಲ್ಲಿ ಕೂತು ಎದ್ದು, ಬಗ್ಗಿ, ಮೆಟ್ಟಿಲು ಹತ್ತಿ ಇಳಿದು, ಆಮೇಲೆ ಲಿವರ್ ಎಲ್ಲಿದೆ ನೋಡಿ. ಖಾಲಿ ಪಿಸ್ತೂಲಿನಲ್ಲೇ. ಸೀಟ್ ಬೆಲ್ಟು ಉಜ್ಜಿ ಲಿವರ್ ಇಳಿಸುವುದು ನಡೆಯುತ್ತದೆ. ನಮ್ಮ ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಬೆವರು, ತೇವ ಲಿವರಿನ ಬುಡಕ್ಕೆ ಇಳಿದು ತುಕ್ಕು ಹಿಡಿಸುವುದೂ ಉಂಟು. ವಾರಕ್ಕೊಮ್ಮೆ ಒರೆಸಿ ಒಂದು ತೊಟ್ಟು ಎಣ್ಣೆ ಬಿಡಿ.

7. ತೆಗೆಯುವ ಅಭ್ಯಾಸ

ಖಾಲಿ ಪಿಸ್ತೂಲು, ಬೇಕಿದ್ದರೆ ಚೇಂಬರಿನಲ್ಲಿ ಡಮ್ಮಿ ತೋಟಾ. ಹಿಡಿತ ಹೋಲ್ಸ್ಟರಿನಲ್ಲಿರುವಾಗಲೇ ಪೂರ್ತಿಯಾಗಲಿ. ಹೆಬ್ಬೆರಳು ಲಿವರಿನ ಮೇಲೆ ಕೂರಲಿ, ಆದರೆ ಒತ್ತಬೇಡಿ. ಪಿಸ್ತೂಲು ಹೊರಬಂದು ಮೂತಿ ಗುರಿಯ ಕಡೆ ತಿರುಗಿದ ಮೇಲೆಯೇ ಸೇಫ್ಟಿ ತೆಗೆಯುವುದು. ಹೋಲ್ಸ್ಟರಿನಲ್ಲೇ ತೆಗೆಯುವ ಚಾಳಿ ಬಿದ್ದರೆ ಮೂತಿ ನಿಮ್ಮದೇ ತೊಡೆಯ ಪಕ್ಕ ಇರುವಾಗ ಪಿಸ್ತೂಲು ಸಿದ್ಧವಾಗಿರುತ್ತದೆ. ತೋರುಬೆರಳು ಅಷ್ಟೂ ಹೊತ್ತು ಫ್ರೇಮಿನ ಮೇಲೆ ಚಾಚಿರಬೇಕು. ಹಾರಿಸಲೇಬೇಕು ಎಂದು ತೀರ್ಮಾನವಾಗುವವರೆಗೆ ಟ್ರಿಗರಿಗೆ ಹೋಗಬಾರದು.

1911 ಮಾದರಿಯಲ್ಲಿ ಹೆಬ್ಬೆರಳನ್ನು ಇಳಿಸಿದ ಲಿವರಿನ ಮೇಲೆಯೇ ಇಟ್ಟುಕೊಳ್ಳಿ. ಒದೆತಕ್ಕೆ ಲಿವರ್ ಮತ್ತೆ ಮೇಲೇರುವುದು ಇದರಿಂದ ತಪ್ಪುತ್ತದೆ.

ತೆಗೆದಷ್ಟೇ ಸಲ ವಾಪಸ್ ಇಡುವುದನ್ನೂ ಅಭ್ಯಾಸ ಮಾಡಿ, ಅದೂ ನಿಧಾನವಾಗಿ. ಬೆರಳು ಹೊರಗೆ, ಸೇಫ್ಟಿ ಹಾಕಿ, ಅಂಗಿಯನ್ನು ಇನ್ನೊಂದು ಕೈಯಿಂದ ಸರಿಸಿ, ಹೋಲ್ಸ್ಟರಿನ ಬಾಯಿ ನೋಡಿ ಇಡಿ. ನೋಡದೆ ಸರ್ರನೆ ತುರುಕುವುದು ಸಿನಿಮಾದ ಪೋಲೀಸರಿಗೆ ಇರಲಿ. ವೇಗ ಆಮೇಲೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ಮನೆಯಲ್ಲಿ ಮಕ್ಕಳಿಲ್ಲದ ಹೊತ್ತಿನಲ್ಲಿ.

8. ಖಾಲಿ ಮಾಡುವಾಗ

ಕೋಲ್ಟ್ ಮಾದರಿಯವರು ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಸೇಫ್ಟಿ ಹಾಕಿದರೆ ಸ್ಲೈಡ್ ಸರಿಯದ ಕಾರಣ, ಖಾಲಿ ಮಾಡಲು ಸೇಫ್ಟಿ ತೆಗೆಯಲೇಬೇಕು. ಅಂದರೆ ದಿನದ ಕೊನೆಗೆ, ದಣಿದ ಕೈಯಲ್ಲಿ, ತುಂಬಿದ ಪಿಸ್ತೂಲಿನ ಸೇಫ್ಟಿ ತೆಗೆದ ಸ್ಥಿತಿ. ವಾಲ್ಥರಿನಲ್ಲಿ ಸೇಫ್ಟಿ ಹಾಕಿಕೊಂಡೇ ಸ್ಲೈಡ್ ಎಳೆಯಬಹುದು, ಅದೊಂದು ದೊಡ್ಡ ಅನುಕೂಲ. ನಿಮ್ಮದು ಯಾವುದೇ ಇರಲಿ, ಮನೆಯಲ್ಲಿ ಒಂದು ನಿಗದಿತ ಜಾಗ ಇಟ್ಟುಕೊಳ್ಳಿ: ಮರಳು ತುಂಬಿದ ಬಕೆಟ್ಟಿನ ಕಡೆಗೆ ಮೂತಿ, ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್, ಆಮೇಲೆ ಕಣ್ಣು ಮತ್ತು ಬೆರಳು. ಮುಗಿದ ಮೇಲೆ ಪಿಸ್ತೂಲು ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ. ಮದುವೆ ಮನೆಗೆ ಹೊರಟಿದ್ದರಂತೂ ಬೀಗದಲ್ಲೇ ಬಿಟ್ಟು ಹೋಗಿ. ಸಂಭ್ರಮಕ್ಕೆ ಗುಂಡು ಹಾರಿಸಿ ಪ್ರಾಣಾಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಉಂಟು.

ಅಮೆರಿಕದಲ್ಲಿ ಇರುವವರಿಗೆ

ಅಂಗಡಿಯಲ್ಲಿ ಒಂದೇ ಪಿಸ್ತೂಲು ಸೇಫ್ಟಿ ಇರುವ ಮತ್ತು ಇಲ್ಲದ ಎರಡು ರೂಪದಲ್ಲಿ ಸಿಗುವುದು ಅಲ್ಲಿ ಮಾಮೂಲು. 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಸಿಗ್ ಕಂಪನಿಯ ಎಂ17 ಪಿಸ್ತೂಲಿಗೆ ಲಿವರ್ ಇದೆ. ಅದರ ಮೂಲ ಪಿ320 ಸಾರ್ವಜನಿಕರಿಗೆ ಬಹುಪಾಲು ಮಾರಾಟವಾಗಿದ್ದು ಲಿವರ್ ಇಲ್ಲದೆ. ಮೊದಲ ಪಿಸ್ತೂಲು ಕೊಳ್ಳುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಲಿವರ್ ಇರುವುದನ್ನೇ ತೆಗೆದುಕೊಳ್ಳಿ, ಮೇಲೆ ಹೇಳಿದಂತೆ ಅಭ್ಯಾಸ ಮಾಡುವುದಾದರೆ. ಅಭ್ಯಾಸಕ್ಕೆ ಪುರಸೊತ್ತು ಇಲ್ಲವೆಂದರೆ ಸೊಂಟಕ್ಕೆ ಪಿಸ್ತೂಲೇ ಬೇಡ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಅಂಗಡಿಗೆ ಹೋಗುವ ಮೊದಲೇ ವಕೀಲರನ್ನು ಕೇಳಿ. ಬೇಟೆ ಲೈಸನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯದ ಕಾನೂನು ಎಷ್ಟೇ ಸಡಿಲವಿದ್ದರೂ ಇದು ಬದಲಾಗದು.

ಠಾಣೆಯಿಂದ ವಾಪಸ್ ಬಂದಾಗ

ಚುನಾವಣೆ ಘೋಷಣೆಯಾದರೆ ಆಯುಧ ಠಾಣೆಗೆ ಒಪ್ಪಿಸುವ ಆದೇಶ ಬರುವುದು ನಮಗೆಲ್ಲ ಗೊತ್ತೇ ಇದೆ. ಒಪ್ಪಿಸುವ ಮೊದಲು ಖಾಲಿ ಮಾಡಿ, ಚೇಂಬರನ್ನು ಸಿಬ್ಬಂದಿಗೂ ತೋರಿಸಿ, ರಸೀದಿಯಲ್ಲಿ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ವಾಪಸ್ ಕೊಟ್ಟಾಗ ಅದು ವಾರಗಟ್ಟಲೆ ಉಗ್ರಾಣದ ತೇವದಲ್ಲಿ ಬಿದ್ದಿರುತ್ತದೆ, ಯಾರ ಯಾರ ಕೈಯಲ್ಲಿ ಲಿವರ್ ತಿರುಗಿದೆಯೋ ನಿಮಗೆ ಗೊತ್ತಿರುವುದಿಲ್ಲ. ಅಲ್ಲೇ ಕೌಂಟರಿನ ಬಳಿ ಸೇಫ್ಟಿ ಆಡಿಸಿ ನೋಡಲು ಹೋಗಬೇಡಿ. ಚೇಂಬರ್ ಖಾಲಿ ಇದೆಯೆಂದು ನೋಡಿಕೊಂಡು ಮನೆಗೆ ತನ್ನಿ, ಬಿಚ್ಚಿ ಒರೆಸಿ, ಮೂರನೇ ಹಂತದ ಪರೀಕ್ಷೆಯನ್ನು ಮೊದಲಿನಿಂದ ಮಾಡಿ. ತೋಟಾ ತುಂಬುವುದು ಅದು ಮುಗಿದ ಮೇಲೆ.